ಶಾಫ್ಟ್ ಕೊನೆಗೆ ಕತ್ತರಿಸಿ: ಹಳೆ ಜೀಪಿಗೆ ಕ್ರೌನ್-ಪಿನಿಯನ್, ಪ್ರೊಪೆಲ್ಲರ್ ಶಾಫ್ಟ್ ಹೊಂದಿಸುವ ಲೆಕ್ಕ

ಬಳ್ಳಾರಿ ಕಡೆ ಹಳೆ ಜೀಪ್ ಎಬ್ಬಿಸುವವರು ಮೊದಲು ಎಂಜಿನ್ ಹುಡುಕುತ್ತಾರೆ. ಆಮೇಲೆ ಗೇರ್ ಬಾಕ್ಸ್. ಆಮೇಲೆ ಬಣ್ಣ, ಸೀಟು, ದೊಡ್ಡ ಟೈರು. ಎಲ್ಲ ಮುಗಿದ ಮೇಲೆ ಗಾಡಿ ಕೆಳಗೆ ಬಗ್ಗಿ ನೋಡಿದರೆ ಗೇರ್ ಬಾಕ್ಸಿಗೂ ಹಿಂದಿನ ಹೌಸಿಂಗಿಗೂ (ಹಿಂದಿನ ಎರಡು ಚಕ್ರಗಳ ನಡುವೆ ಗೇರ್‌ಗಳನ್ನು ಹೊತ್ತ ಕಬ್ಬಿಣದ ಗೂಡು) ನಡುವೆ ಒಂದಿಷ್ಟು ಖಾಲಿ ಜಾಗ ಉಳಿದಿರುತ್ತದೆ. ಎಂಜಿನ್ ಬಲವನ್ನು ಅಲ್ಲಿ ದಾಟಿಸುವ ಉದ್ದ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. "ಶಾಫ್ಟ್ ಏನ್ ಬಿಡಣ್ಣಾ, ಅಳತೆ ಕೊಟ್ರೆ ಸಂಜೆಗೆ ಲೇತಲ್ಲಿ ಮಾಡಿ ಕೊಡ್ತಾರೆ" ಅನ್ನುತ್ತಾರೆ ಮೇಸ್ತ್ರಿ. ಮಾಡಿಯೂ ಕೊಡುತ್ತಾರೆ. ಆದರೆ ಹೊಸಪೇಟೆ ರಸ್ತೆಯಲ್ಲಿ 70 ದಾಟಿದ ಕೂಡಲೇ ಕಾಲ ಕೆಳಗಿನ ತಗಡು ಗಡಗಡ ಅನ್ನತೊಡಗುತ್ತದೆ. ಬೈಗುಳವೆಲ್ಲ ಲೇತಿನವನಿಗೆ. ಪಾಪ, ಅವನು ಕೊಟ್ಟ ಅಳತೆಗೆ ಸರಿಯಾಗಿಯೇ ಮಾಡಿರುತ್ತಾನೆ. ಅಳತೆ ತೆಗೆದ ಹೊತ್ತೇ ತಪ್ಪು.

ಅಮೆರಿಕದ ಹಾಟ್ ರಾಡ್ ಹುಚ್ಚಿನವರು ಈ ಪಾಡನ್ನು ನಮಗಿಂತ ಬಹಳ ಮೊದಲೇ ಪಟ್ಟಿದ್ದಾರೆ. 1930, 40ರ ದಶಕಗಳಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಹಳೆ ಫೋರ್ಡ್ ಕಾರುಗಳ ಮಡ್‌ಗಾರ್ಡ್ ಕಿತ್ತು, ಎಂಜಿನ್ ಬಲ ಹೆಚ್ಚಿಸಿ, ಒಣಗಿದ ಕೆರೆಗಳ ಬಯಲಲ್ಲಿ ಓಡಿಸುತ್ತಿದ್ದರು. 1948ರವರೆಗಿನ ಆ ಫೋರ್ಡ್‌ಗಳಲ್ಲಿ ಶಾಫ್ಟ್ ಹೊರಗೆ ಕಾಣುತ್ತಲೇ ಇರಲಿಲ್ಲ. ಒಂದು ದಪ್ಪ ಕೊಳವೆಯೊಳಗೆ ತಿರುಗುತ್ತಿತ್ತು. ಮುಂದೆ ಒಂದೇ ಜಾಯಿಂಟ್, ಅಂದರೆ ತಿರುಗುತ್ತಲೇ ಬಾಗಬಲ್ಲ ಕೀಲು. ಹಿಂದಿನ ಚಕ್ರ ಗಾಡಿಯನ್ನು ತಳ್ಳುವ ಬಲವೆಲ್ಲ ಆ ಕೊಳವೆಯ ಮೂಲಕವೇ ಮುಂದಕ್ಕೆ ಬರುತ್ತಿತ್ತು. 1949ರಿಂದ ಫೋರ್ಡ್ ಕಾರುಗಳಿಗೆ ತೆರೆದ ಶಾಫ್ಟ್ ಬಂತು. ಹಳೆ ಕಾರಿಗೆ ಹೊಸ ಗೇರ್ ಬಾಕ್ಸ್ ಕೂರಿಸಲು ಹೋದವರು ಆ ಕೊಳವೆಯನ್ನು ಕಿತ್ತು ಹಾಕಿದಾಗ, ಹೌಸಿಂಗ್ ಹಿಡಿದಿಡುವ ಬೇರೆ ವ್ಯವಸ್ಥೆಯನ್ನೂ ತಾವೇ ಮಾಡಬೇಕಾಯಿತು. ಶಾಫ್ಟ್ ಬರೀ ಎರಡು ತುದಿ ಸೇರಿಸುವ ಕಬ್ಬಿಣದ ಕೊಳವೆಯಲ್ಲ, ಹೌಸಿಂಗ್ ಎಲ್ಲಿ ಕೂರುತ್ತದೆ, ಎಷ್ಟು ಅಲುಗುತ್ತದೆ ಅನ್ನುವುದೂ ಅದರ ಲೆಕ್ಕಕ್ಕೆ ಸೇರುತ್ತದೆ ಎಂದು ಅವರಿಗೆ ಆಗಲೇ ಗೊತ್ತಾಯಿತು.

ನಮ್ಮಲ್ಲಿ ಆ ಕಾರುಗಳಿಲ್ಲ. ಜೀಪುಗಳಿವೆ. ಕೆಲಸ ಮಾತ್ರ ಒಂದೇ. ಮೊದಲು ಟೈರ್ ನಿಗದಿ ಮಾಡಿ. ಅದಕ್ಕೆ ತಕ್ಕ ಕ್ರೌನ್-ಪಿನಿಯನ್, ಅಂದರೆ ಹೌಸಿಂಗಿನೊಳಗೆ ಶಾಫ್ಟಿಗೆ ಸೇರಿದ ಸಣ್ಣ ಗೇರ್ (ಪಿನಿಯನ್) ಮತ್ತು ಅದು ತಿರುಗಿಸುವ ದೊಡ್ಡ ಗೇರ್ (ಕ್ರೌನ್). ಆಮೇಲೆ ಹೌಸಿಂಗಿನ ಕೋನ. ಶಾಫ್ಟಿನ ಕೊಳವೆ ಕತ್ತರಿಸುವುದು ಎಲ್ಲಕ್ಕಿಂತ ಕೊನೆಗೆ.

ಟೈರ್ ಯಾಕೆ ಮೊದಲು?

ಟೈರ್ ಕೂಡ ಒಂದು ಗೇರ್. ಅದು ಒಂದು ಸುತ್ತು ತಿರುಗಿದರೆ ಗಾಡಿ ಎಷ್ಟು ದೂರ ಹೋಗುತ್ತದೆ ಅನ್ನುವುದರಿಂದಲೇ ಉಳಿದ ಲೆಕ್ಕ ಶುರು. ಕ್ಯಾಟಲಾಗ್ ನೋಡುವುದಕ್ಕಿಂತ ಅಳೆಯುವುದೇ ವಾಸಿ. ಗಾಳಿ ಸರಿಯಾಗಿ ತುಂಬಿಸಿ, ಟೈರಿಗೂ ನೆಲಕ್ಕೂ ಒಂದೊಂದು ಸೀಮೆಸುಣ್ಣದ ಗೆರೆ ಎಳೆದು, ಗಾಡಿಯನ್ನು ಒಂದು ಸುತ್ತು ತಳ್ಳಿ. ಗೆರೆಯಿಂದ ಗೆರೆಗೆ ಟೇಪ್ ಹಿಡಿಯಿರಿ. ಜೀಪಿನ ಸಾಮಾನ್ಯ ಟೈರಿಗೆ 2.2 ಮೀಟರ್ ಬಂತು ಅಂದುಕೊಳ್ಳೋಣ.

ಇಲ್ಲಿ ಒಂದು ಅನುಕೂಲ ಇದೆ. ಗಂಟೆಗೆ 60 ಕಿಲೋಮೀಟರ್ ಅಂದರೆ ನಿಮಿಷಕ್ಕೆ ಸರಿಯಾಗಿ 1000 ಮೀಟರ್. 1000ವನ್ನು 2.2ರಿಂದ ಭಾಗಿಸಿದರೆ ಸುಮಾರು 455. ಅಂದರೆ 60ರ ವೇಗದಲ್ಲಿ ಚಕ್ರ ನಿಮಿಷಕ್ಕೆ 455 ಸುತ್ತು ತಿರುಗುತ್ತದೆ. ಹಳೆ ಸಿಜೆ (ನಾಗರಿಕರ ಬಳಕೆಗೆ ಬಂದ) ಜೀಪುಗಳಲ್ಲಿ ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ 8 ಹಲ್ಲು ಇರುವ ಜೋಡಿ ಸಾಮಾನ್ಯ. 43 ಭಾಗಿಸು 8, ಅಂದರೆ 5.375. ಇದನ್ನೇ 5.38ರ ರೇಷಿಯೋ ಅನ್ನುತ್ತಾರೆ, ಚಕ್ರ ಒಂದು ಸುತ್ತು ಬರಲು ಶಾಫ್ಟ್ ಅಷ್ಟು ಸುತ್ತು ತಿರುಗಬೇಕು. ಟಾಪ್ ಗೇರಿನಲ್ಲಿ ಎಂಜಿನ್ ಮತ್ತು ಶಾಫ್ಟ್ ಒಂದೇ ವೇಗದಲ್ಲಿ ತಿರುಗುವ ಗೇರ್ ಬಾಕ್ಸ್ ಆದರೆ, 60ರಲ್ಲಿ ಎಂಜಿನ್ ಸುಮಾರು 2440 ಆರ್‌ಪಿಎಂ (ನಿಮಿಷಕ್ಕೆ ಸುತ್ತು). 80ರಲ್ಲಿ ಸುಮಾರು 3260. ನಿಧಾನಗತಿಯ ಹಳೆ ಡೀಸೆಲ್ ಎಂಜಿನ್‌ಗೆ ಇದು ಜಾಸ್ತಿಯಾಯಿತು, ಅಲ್ವಾ? ಎರಡನೇ ಮಹಾಯುದ್ಧದ ಜೀಪಿನಲ್ಲಿದ್ದ 39-8ರ ಜೋಡಿ, ಅಂದರೆ 4.88, ಹಾಕಿದರೆ ಅದೇ 80ಕ್ಕೆ 2950ರ ಹತ್ತಿರ. 4.27 ಹಾಕಿದರೆ 2590. 3.73 ಆದರೆ 2260.

ಹಾಗಾದರೆ 3.73 ಹಾಕಿಬಿಡೋಣ ಅಂತ ಕೂಡಲೇ ಅನ್ನಿಸುತ್ತದೆ. ಸಿರುಗುಪ್ಪದ ಸಪಾಟು ರಸ್ತೆಯಲ್ಲೇ ಓಡಾಡುವವರಿಗೆ, ಎಂಜಿನ್‌ನಲ್ಲಿ ದಮ್ಮಿದ್ದರೆ, ಅದೇ ಚೆನ್ನ. ಆದರೆ ಸಂಡೂರಿನ ಗುಡ್ಡ ಏರುವಾಗ, ಹಿಂದೆ ನಾಲ್ಕು ಜನ ಕೂತಿರುವಾಗ, ಫಸ್ಟ್ ಗೇರಿನಲ್ಲೂ ಕ್ಲಚ್ ಅರ್ಧ ಒತ್ತಿಕೊಂಡೇ ಹೊರಡಬೇಕಾಗುತ್ತದೆ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬಂದ ಮೇಲೆ ರೇಷಿಯೋ ನೆನಪಾದರೆ ಏನು ಬಂತು? ನನ್ನ ಕೇಳಿದರೆ ಹೆದ್ದಾರಿ, ಗುಡ್ಡ ಎರಡೂ ಬೇಕಾದವರಿಗೆ ನಡುವಿನ 4.27 ಅಥವಾ 4.88 ಸಾಕು. ಐದನೇ ಗೇರ್ ಓವರ್‌ಡ್ರೈವ್ ಇರುವ (ಅದರಲ್ಲಿ ಎಂಜಿನ್ ಶಾಫ್ಟಿಗಿಂತ ನಿಧಾನ ತಿರುಗುತ್ತದೆ, ಅನುಪಾತ ಒಂದಕ್ಕಿಂತ ಕಡಿಮೆ) ಗೇರ್ ಬಾಕ್ಸ್ ಹಾಕಿದ್ದರೆ ಹೌಸಿಂಗ್ ಮುಟ್ಟುವ ಅಗತ್ಯವೇ ಬೀಳದಿರಬಹುದು. ಆ ಗೇರಿನ ಅನುಪಾತದಿಂದ ಮೇಲಿನ ಅಂಕಿಗಳನ್ನು ಗುಣಿಸಿ ನೋಡಿ.

ಇನ್ನು ದೊಡ್ಡ ಟೈರ್ ಹಾಕುವವರು. 28 ಇಂಚು ಎತ್ತರದ ಟೈರ್ ತೆಗೆದು 31 ಇಂಚಿನದು ಹಾಕಿದರೆ, 5.38ರ ಗಾಡಿ 4.85ರ ಗಾಡಿಯಂತೆ ಓಡುತ್ತದೆ. ಒಂದು ಹಲ್ಲನ್ನೂ ಮುಟ್ಟದೆ ಗೇರ್ ಬದಲಾಯಿತು. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ನಿಜವಾಗಿ 66ರಲ್ಲಿರುತ್ತದೆ. ಟೈರ್ ನಿಗದಿಯಾಗದೆ ಕ್ರೌನ್-ಪಿನಿಯನ್ ಖರೀದಿಸಿದರೆ ದುಡ್ಡು ದಂಡ ಅನ್ನುವುದು ಇದಕ್ಕೇ.

ನಿಮ್ಮ ಹೌಸಿಂಗಿನಲ್ಲಿ ಏನಿದೆ?

ಗುಜರಿಯಿಂದ ತಂದ ಹೌಸಿಂಗ್‌ನಲ್ಲಿ ಯಾವ ರೇಷಿಯೋ ಇದೆ ಅಂತ ಮಾರುವವನ ಬಾಯಿಮಾತು ನಂಬಬೇಡಿ. ತಗಡಿನ ಚೀಟಿ ಇದ್ದರೂ, ಒಳಗಿನದು ಯಾವಾಗಲೋ ಬದಲಾಗಿರಬಹುದು. ಬಿಚ್ಚದೆಯೇ ಎಣಿಸಬಹುದು. ಹಿಂದಿನ ಒಂದೇ ಚಕ್ರ ಎತ್ತಿ. ಇನ್ನೊಂದು ನೆಲದ ಮೇಲೇ ಇರಲಿ. ಗೇರ್ ನ್ಯೂಟ್ರಲ್. ಉಳಿದ ಚಕ್ರಗಳಿಗೆ ಮುಂದೆ ಹಿಂದೆ ಗಟ್ಟಿ ಕಲ್ಲು ಕೊಡಿ.

ಕಲ್ಲಿನ ಮಾತು ಸುಮ್ನೆ ಹೇಳುತ್ತಿಲ್ಲ. ಹಳೆ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರಕ್ಕಿಲ್ಲ, ಟ್ರಾನ್ಸ್‌ಫರ್ ಕೇಸಿನ (ಗೇರ್ ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಶಾಫ್ಟ್‌ಗಳಿಗೆ ಹಂಚುವ ಪೆಟ್ಟಿಗೆ) ಹಿಂದೆ ಶಾಫ್ಟಿಗೇ ಇರುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ, ಶಾಫ್ಟ್ ನಿಂತಿದ್ದರೂ ಎತ್ತಿದ ಚಕ್ರ ಹಿಂದಕ್ಕೆ ತಿರುಗಿ ನೆಲದ ಚಕ್ರ ಮುಂದಕ್ಕೆ ಉರುಳಬಹುದು. ಹ್ಯಾಂಡ್ ಬ್ರೇಕ್ ಹಾಕಿದೆ ಅನ್ನುವ ಧೈರ್ಯದಲ್ಲಿ ಗಾಡಿ ಕೆಳಗೆ ಮಲಗಬೇಡಿ. ಶಾಫ್ಟ್ ಬಿಚ್ಚಿದ ಮೇಲಂತೂ ಅಂಥ ಗಾಡಿಗೆ ಹ್ಯಾಂಡ್ ಬ್ರೇಕೇ ಇರುವುದಿಲ್ಲ.

ಈಗ ಹ್ಯಾಂಡ್ ಬ್ರೇಕ್ ಬಿಟ್ಟು, ಶಾಫ್ಟಿಗೊಂದು ಸುಣ್ಣದ ಗೆರೆ, ಎತ್ತಿದ ಟೈರಿಗೊಂದು ಗೆರೆ. ಒಂದು ಚಕ್ರ ನಿಂತಿದ್ದು ಇನ್ನೊಂದು ಮಾತ್ರ ತಿರುಗಿದಾಗ ಡಿಫರೆನ್ಶಿಯಲ್ (ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ಕ್ರೌನ್ ಜೊತೆಗಿರುವ ಗೇರ್ ಗುಂಪು) ಅರ್ಧ ವೇಗದಲ್ಲಿ ತಿರುಗುತ್ತದೆ. ಅಂದರೆ ಚಕ್ರದ ಎರಡು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ರೇಷಿಯೋ. 5.38 ಮತ್ತು 4.88ಕ್ಕೆ ಅರ್ಧ ಸುತ್ತಿನ ವ್ಯತ್ಯಾಸ, ಅಂದಾಜಿನಲ್ಲಿ ತಪ್ಪುವ ಸಾಧ್ಯತೆ ಇದೆ. ಅದಕ್ಕೆ ಚಕ್ರವನ್ನು 16 ಸುತ್ತು ತಿರುಗಿಸಿ. ಶಾಫ್ಟ್ 43 ಸುತ್ತು ಬಂದರೆ 5.38. 39 ಬಂದರೆ 4.88. ಹಲ್ಲನ್ನೇ ಎಣಿಸಿದ ಹಾಗಾಯಿತು. ಒಬ್ಬರು ಚಕ್ರ, ಇನ್ನೊಬ್ಬರು ಶಾಫ್ಟ್ ನೋಡಿಕೊಂಡರೆ ಎಣಿಕೆ ತಪ್ಪುವುದಿಲ್ಲ.

ಫೋರ್ ವೀಲ್ ಜೀಪ್ ಇರುವವರು ಮುಂದಿನ ಹೌಸಿಂಗಿಗೂ ಇದನ್ನೇ ಮಾಡಬೇಕು. ಮುಂದೆ ಒಂದು ರೇಷಿಯೋ, ಹಿಂದೆ ಇನ್ನೊಂದು ಇಟ್ಟುಕೊಂಡು ಫೋರ್ ವೀಲ್ ಹಾಕಿದರೆ ಎರಡು ಶಾಫ್ಟ್‌ಗಳು ಒಂದನ್ನೊಂದು ಎಳೆದಾಡುತ್ತವೆ. ಮರಳಲ್ಲಾದರೆ ಟೈರ್ ಜಾರಿ ಬಚಾವಾಗಬಹುದು. ಡಾಂಬರಿನ ಮೇಲೆ ಟ್ರಾನ್ಸ್‌ಫರ್ ಕೇಸ್ ಸಿಕ್ಕಿಹಾಕಿಕೊಂಡು ಲಿವರ್ ಹೊರಗೇ ಬರುವುದಿಲ್ಲ. ಹಿಂದಿನ ರೇಷಿಯೋ ಬದಲಿಸಿದರೆ ಮುಂದಿನದಕ್ಕೂ ಖರ್ಚು ಇಟ್ಟುಕೊಳ್ಳಿ.

ಕ್ರೌನ್-ಪಿನಿಯನ್ ಯಾವಾಗಲೂ ಜೋಡಿಯಾಗಿಯೇ ಬರಬೇಕು. ಕಾರ್ಖಾನೆಯಲ್ಲಿ ಎರಡನ್ನೂ ಒಟ್ಟಿಗೆ ಉಜ್ಜಿ ಹೊಂದಿಸಿರುತ್ತಾರೆ. ಎರಡರ ಮೇಲೂ ಒಂದೇ ಜೋಡಿ ನಂಬರ್ ಇರುತ್ತದೆ. ಒಂದು ಗಾಡಿಯ ಕ್ರೌನ್‌ಗೆ ಇನ್ನೊಂದರ ಪಿನಿಯನ್ ಹಾಕಿದರೆ ಹಲ್ಲಿನ ಲೆಕ್ಕ ಸರಿ ಇದ್ದರೂ ಸದ್ದು ನಿಲ್ಲುವುದಿಲ್ಲ.

ಹಾಟ್ ರಾಡ್ ಲೋಕದಲ್ಲಿ ಫೋರ್ಡ್‌ನ 9 ಇಂಚಿನ ಹೌಸಿಂಗಿಗೆ ಇಷ್ಟು ಹೆಸರು ಬರಲು ಒಂದು ಕಾರಣ ಇಲ್ಲೇ ಇದೆ. 1957ರಲ್ಲಿ ಬಂದ ಆ ಹೌಸಿಂಗಿನಲ್ಲಿ ಕ್ರೌನ್, ಪಿನಿಯನ್, ಡಿಫರೆನ್ಶಿಯಲ್ ಸಮೇತ ಇಡೀ ಗುಂಡು ಮುಂದಿನಿಂದ ಹೊರಗೆ ಬರುತ್ತದೆ. ಮೇಜಿನ ಮೇಲಿಟ್ಟು ಹೊಂದಿಸಬಹುದು. ಬೇರೆ ಬೇರೆ ರೇಷಿಯೋದ ಎರಡು ಗುಂಡು ಇಟ್ಟುಕೊಂಡರೆ ರೇಸಿಗೊಂದು, ರಸ್ತೆಗೊಂದು. ಲಾರಿ ಕೆಲಸ ಮಾಡುವವರಿಗೆ ಇದು ಹೊಸದಲ್ಲ. ಜೀಪಿನ ಹೌಸಿಂಗ್ ಹಾಗಲ್ಲ, ಹಿಂದಿನ ಮುಚ್ಚಳ ತೆಗೆದು, ಒಳಗೆ ಕೈ ಹಾಕಿಯೇ ಹೊಂದಿಸಬೇಕು. ಶಿಮ್ (ಅಂತರ ಹೊಂದಿಸುವ ತೆಳು ತಗಡು) ಹಾಕು, ಕಟ್ಟು, ನೋಡು, ಮತ್ತೆ ಬಿಚ್ಚು. ತಾಳ್ಮೆಯ ಕೆಲಸ.

ಅದರಲ್ಲಿ ನೋಡಬೇಕಾದ್ದು ಪಿನಿಯನ್ ಎಷ್ಟು ಒಳಗೆ ಕೂತಿದೆ, ಅದರ ಬೇರಿಂಗ್ ಎಷ್ಟು ಬಿಗಿಯಾಗಿದೆ, ಮತ್ತು ಹಲ್ಲುಗಳ ನಡುವೆ ಎಷ್ಟು ಆಟ ಇದೆ ಅನ್ನುವುದು. ಆಟವನ್ನು ಡಯಲ್ ಗೇಜ್ ಇಟ್ಟು ಅಳೆಯುತ್ತಾರೆ. ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರ್. ಕೈಯಲ್ಲಿ ಅಲುಗಾಡಿಸಿ "ಸರಿ ಇದೆ" ಅನ್ನುವವರನ್ನು ನಂಬಬೇಡಿ. ಆಮೇಲೆ ಕ್ರೌನ್‌ನ ಕೆಲವು ಹಲ್ಲುಗಳಿಗೆ ಗುರುತು ಹಿಡಿಯುವ ಬಣ್ಣದ ಪೇಸ್ಟ್ ತೆಳ್ಳಗೆ ಹಚ್ಚಿ, ಸ್ವಲ್ಪ ಒತ್ತಡ ಕೊಟ್ಟು ಎರಡೂ ಕಡೆ ತಿರುಗಿಸುತ್ತಾರೆ. ಪಿನಿಯನ್ ಉಜ್ಜಿದ ಜಾಗದಲ್ಲಿ ಬಣ್ಣ ಅಳಿಸಿ ಮೊಟ್ಟೆಯಾಕಾರದ ಗುರುತು ಬೀಳುತ್ತದೆ. ಗುರುತು ಹಲ್ಲಿನ ಎತ್ತರದ ನಡುವೆ ಇರಬೇಕು. ತುದಿಗೆ ಬಿದ್ದಿದ್ದರೆ ಪಿನಿಯನ್ ದೂರ ಇದೆ, ಕ್ರೌನ್ ಕಡೆಗೆ ತರಬೇಕು. ಬುಡಕ್ಕೆ ಬಿದ್ದಿದ್ದರೆ ತೀರ ಹತ್ತಿರ ಬಂದಿದೆ. ಹಲ್ಲಿನ ಒಳ ತುದಿಗೇ ಸರಿದಿದ್ದರೆ ಕ್ರೌನ್ ಅನ್ನು ಸ್ವಲ್ಪ ದೂರ ಸರಿಸಿ ಆಟ ಹೆಚ್ಚಿಸಬೇಕು, ಹೊರ ತುದಿಗಿದ್ದರೆ ಕಡಿಮೆ ಮಾಡಬೇಕು. ಈ ಗುರುತನ್ನು ಮುಚ್ಚಳ ಹಾಕುವ ಮೊದಲು ನಿಮಗೂ ತೋರಿಸಲು ಹೇಳಿ, ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಒಂದು ಮಾತು ಸೇರಿಸಿಬಿಡುತ್ತೇನೆ. ಕೆಸರಲ್ಲಿ ಎರಡೂ ಚಕ್ರ ತಿರುಗಲಿ ಅಂತ ಡಿಫರೆನ್ಶಿಯಲ್ ಗೇರ್‌ಗಳನ್ನೇ ವೆಲ್ಡ್ ಮಾಡಿಸುವವರಿದ್ದಾರೆ. ರಸ್ತೆ ಮೇಲೆ ಓಡುವ ಗಾಡಿಗೆ ಅದು ಬೇಡವೇ ಬೇಡ. ತಿರುವಿನಲ್ಲಿ ಒಳಗಿನ ಚಕ್ರ ಎಳೆದಾಡಿ ಟೈರ್ ಸವೆಯುತ್ತದೆ, ಆಕ್ಸಲ್ ಮುರಿಯುತ್ತದೆ, ಮಳೆಯಲ್ಲಿ ಹಿಂಭಾಗ ಜಾರುತ್ತದೆ.

ಕೋನದ ವಿಷಯ

ಎಲ್ಲರೂ ಎಡವುವ ಜಾಗ ಇದು. ಕ್ರಾಸ್ (ಕೂಡು ಗುರುತಿನಾಕಾರದ ತುಂಡು) ಇರುವ ಯೂನಿವರ್ಸಲ್ ಜಾಯಿಂಟ್ ಬಾಗಿದ ಸ್ಥಿತಿಯಲ್ಲಿ ತಿರುಗಿದಾಗ, ಒಳಗೆ ಒಂದೇ ಸಮ ವೇಗ ಕೊಟ್ಟರೂ ಹೊರಗೆ ಒಂದೇ ಸಮ ಬರುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಾಗಿ ಎರಡು ಸಲ ಕಡಿಮೆಯಾಗುತ್ತದೆ. ಬಾಗು 10 ಡಿಗ್ರಿ ಇದ್ದರೆ ಏರಿಳಿತ ಶೇಕಡಾ ಒಂದೂವರೆಯಷ್ಟು. 30 ಡಿಗ್ರಿಗೆ ಅದು ಕೆಳಗೆ ಶೇ. 13, ಮೇಲೆ ಶೇ. 15ಕ್ಕೂ ಜಾಸ್ತಿ. ಒಂದು ಜಾಯಿಂಟ್ ಮಾತ್ರ ಇದ್ದರೆ ಈ ಎಳೆದಾಟವೆಲ್ಲ ಹೌಸಿಂಗಿಗೆ ಹೋಗುತ್ತದೆ. ಅದಕ್ಕೇ ಎರಡು ಜಾಯಿಂಟ್. ಮುಂದಿನದು ಮಾಡಿದ ಏರಿಳಿತವನ್ನು ಹಿಂದಿನದು ಅಳಿಸಬೇಕು.

ಅಳಿಸಬೇಕಾದರೆ ಎರಡು ಷರತ್ತು. ಎರಡೂ ಜಾಯಿಂಟ್‌ಗಳ ಬಾಗು ಒಂದೇ ಇರಬೇಕು, ಹೆಚ್ಚೆಂದರೆ ಒಂದು ಡಿಗ್ರಿ ವ್ಯತ್ಯಾಸ. ಅಂದರೆ ಗೇರ್ ಬಾಕ್ಸಿನ ಹೊರ ಶಾಫ್ಟ್ ಮತ್ತು ಪಿನಿಯನ್, ಎತ್ತರ ಬೇರೆ ಇದ್ದರೂ, ಒಂದಕ್ಕೊಂದು ಸಮಾನಾಂತರವಾಗಿರಬೇಕು. ಇನ್ನೊಂದು, ಶಾಫ್ಟಿನ ಎರಡು ತುದಿಯಲ್ಲಿ ಕ್ರಾಸ್ ಹಿಡಿಯುವ ಕಿವಿಗಳು ಒಂದೇ ನೇರಕ್ಕೆ ಇರಬೇಕು. ಸ್ಲಿಪ್ ಜಾಯಿಂಟ್ (ಶಾಫ್ಟ್ ಉದ್ದ ಗಿಡ್ಡ ಆಗಲು ಒಳಗೆ ಹೊರಗೆ ಜಾರುವ ಹಲ್ಲಿನ ಭಾಗ) ಬಿಚ್ಚಿ ಒಂದು ಹಲ್ಲು ಆಚೀಚೆ ಹಾಕಿದರೂ ಇದು ಕೆಡುತ್ತದೆ. ಹೊಸ ಕ್ರಾಸ್ ಹಾಕಿದ ಮೇಲೆ ನಡುಕ ಶುರುವಾಯಿತು ಅನ್ನುವ ಗಾಡಿಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಬಿಚ್ಚುವ ಮೊದಲು ಎರಡು ಭಾಗಕ್ಕೂ ಸೇರಿ ಒಂದು ಪೇಂಟ್ ಗೆರೆ ಎಳೆದರೆ ಮುಗಿಯಿತು, ಎರಡು ರೂಪಾಯಿ ಖರ್ಚಿಲ್ಲ.

ರಸ್ತೆ ಗಾಡಿಗೆ ಬಾಗು ಸುಮಾರು 3 ಡಿಗ್ರಿ ಒಳಗಿದ್ದರೆ ಒಳ್ಳೆಯದು. ಹಾಗಂತ ಸೊನ್ನೆಯೂ ಬೇಡ. ಪೂರ್ತಿ ನೇರ ಇದ್ದರೆ ಕ್ರಾಸ್ ಒಳಗಿನ ಸೂಜಿ ಬೇರಿಂಗ್‌ಗಳು ಉರುಳದೆ ಒಂದೇ ಜಾಗದಲ್ಲಿ ಕುಟ್ಟಿ ಗುಂಡಿ ಬೀಳಿಸುತ್ತವೆ. ಅರ್ಧದಿಂದ ಒಂದು ಡಿಗ್ರಿಯಾದರೂ ಇರಲಿ.

ಪ್ಲೇಟ್ ಸ್ಪ್ರಿಂಗ್ ಇರುವ ಗಾಡಿಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಆಕ್ಸಿಲರೇಟರ್ ಒತ್ತಿದಾಗ ಪ್ಲೇಟುಗಳು ತಿರುಚಿ ಪಿನಿಯನ್ ಮೂತಿ ಮೇಲಕ್ಕೆ ಏಳುತ್ತದೆ. ಅದಕ್ಕೆ ಗಾಡಿ ನಿಂತಿರುವಾಗ ಪಿನಿಯನ್ ಅನ್ನು ಸಮಾನಾಂತರಕ್ಕಿಂತ ಒಂದು ಎರಡು ಡಿಗ್ರಿ ಕೆಳಗೆ ಇಡುತ್ತಾರೆ, ಎಳೆಯುವಾಗ ತಾನೇ ಸರಿಯಾಗಲಿ ಅಂತ. ಇದಕ್ಕೆ ಸ್ಪ್ರಿಂಗ್ ಮತ್ತು ಹೌಸಿಂಗ್ ನಡುವೆ ಬೆಣೆಯಾಕಾರದ ಪಟ್ಟಿ ಕೊಡುತ್ತಾರೆ. ಕೋನ ಅಳೆಯಲು ದುಬಾರಿ ಸಾಮಾನು ಬೇಡ. ಅಯಸ್ಕಾಂತ ಇರುವ ಆಂಗಲ್ ಗೇಜ್ ಸಾಕು. ಅದೂ ಇಲ್ಲದಿದ್ದರೆ ಫೋನಿನ ಲೆವೆಲ್ ಆ್ಯಪ್. ಆದರೆ ಅಳೆಯುವಾಗ ಗಾಡಿ ತನ್ನ ಟೈರ್ ಮೇಲೆ, ಪೂರ್ತಿ ಭಾರದೊಂದಿಗೆ, ಸಪಾಟು ನೆಲದಲ್ಲಿ ನಿಂತಿರಬೇಕು. ಜಾಕ್ ಮೇಲಿದ್ದಾಗ ತೆಗೆದ ಕೋನ, ಉದ್ದ ಎರಡೂ ಸುಳ್ಳು.

ತೋರಣಗಲ್ಲು, ಸಂಡೂರು ಕಡೆ ಅದಿರಿನ ಟಿಪ್ಪರ್‌ಗಳಿಗೆ ಕ್ರಾಸ್ ಹಾಕಿ ಹಾಕಿ ಪಳಗಿದ ಕೈಗಳಿವೆ. ಆದರೆ ಲಾರಿಯ ಅನುಭವ ಜೀಪಿಗೆ ಪೂರ್ತಿ ಹೊಂದುವುದಿಲ್ಲ. ಲಾರಿಯ ಶಾಫ್ಟ್ ಉದ್ದ, ಜೀಪಿನದು ಗಿಡ್ಡ. ಗೇರ್ ಬಾಕ್ಸಿಗೂ ಪಿನಿಯನ್‌ಗೂ 150 ಮಿಲಿಮೀಟರ್ ಎತ್ತರ ವ್ಯತ್ಯಾಸ ಇದೆ ಅಂದುಕೊಳ್ಳಿ. ಸ್ಪ್ರಿಂಗ್ ಬದಲಿಸಿ ಗಾಡಿಯನ್ನು ಇನ್ನೂ 50 ಮಿಲಿಮೀಟರ್ ಎತ್ತಿದರೆ, 1200 ಮಿಲಿಮೀಟರ್ ಶಾಫ್ಟಿನ ಬಾಗು ಎರಡೂವರೆ ಡಿಗ್ರಿಯಷ್ಟು ಹೆಚ್ಚುತ್ತದೆ. 500 ಮಿಲಿಮೀಟರ್ ಶಾಫ್ಟಿಗೆ ಅದೇ ಎತ್ತರ 6 ಡಿಗ್ರಿ ಹೆಚ್ಚಿಸುತ್ತದೆ. ಗಾಡಿ ಎತ್ತಿಸಿ ಫೋಟೋ ಹಾಕುವವರ ಶಾಫ್ಟ್ ಮೇಲಿಂದ ಮೇಲೆ ಕೈಕೊಡುವುದು ಇದಕ್ಕೇ. ಅಷ್ಟು ಎತ್ತರ ಬೇಕೇ ಬೇಕು ಅನ್ನುವವರು ಟ್ರಾನ್ಸ್‌ಫರ್ ಕೇಸ್ ಕಡೆ ಜೋಡಿ ಕ್ರಾಸಿನ ಡಬಲ್ ಜಾಯಿಂಟ್ ಹಾಕಿಸುವುದು ಒಳ್ಳೆಯದು. ಆಗ ಸಮಾನಾಂತರದ ನಿಯಮ ಇಲ್ಲ, ಪಿನಿಯನ್ ಮೂತಿ ನೇರ ಶಾಫ್ಟಿನ ಕಡೆಗೇ ನೋಡುತ್ತಿರಬೇಕು.

ಈಗ ಶಾಫ್ಟ್

ಶಾಫ್ಟ್ ಎಷ್ಟು ಗಟ್ಟಿ ಬೇಕು ಅನ್ನುವುದನ್ನು ಎಂಜಿನ್‌ನ ಕುದುರೆ ಬಲ ನೋಡಿ ನಿರ್ಧರಿಸಬೇಡಿ. ಎಂಜಿನ್ 200 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ ಅನ್ನೋಣ. ಫಸ್ಟ್ ಗೇರ್ ಅದನ್ನು ಮೂರು ಪಟ್ಟು ಮಾಡಿತು. ಟ್ರಾನ್ಸ್‌ಫರ್ ಕೇಸಿನ ಲೋ ಗೇರ್ ಅದನ್ನು ಮತ್ತೆ ಸುಮಾರು ಎರಡೂವರೆ ಪಟ್ಟು ಮಾಡಿತು. ಶಾಫ್ಟಿಗೆ ಬಂದಿದ್ದು 1500. ಗುಡ್ಡದಲ್ಲಿ ಲೋ ಹಾಕಿಕೊಂಡು ನಿಧಾನ ಹೋಗುವಾಗಲೇ ಕ್ರಾಸ್ ಮುರಿಯುವುದು ಇದೇ ಕಾರಣಕ್ಕೆ.

ಉದ್ದ ಇನ್ನೊಂದು ಸಮಸ್ಯೆ. ಪ್ರತಿ ಶಾಫ್ಟಿಗೂ ಒಂದು ವೇಗದ ಮಿತಿ ಇದೆ. ಅದನ್ನು ಮುಟ್ಟಿದರೆ ನಡು ಭಾಗ ಬಿಲ್ಲಿನಂತೆ ಬಾಗಿ ಚಾವಟಿ ಬೀಸಿದ ಹಾಗೆ ಸುತ್ತುತ್ತದೆ. ಅದೇ ಕೊಳವೆಯಲ್ಲಿ ಉದ್ದ ಎರಡು ಪಟ್ಟಾದರೆ ಈ ಮಿತಿ ಕಾಲು ಭಾಗಕ್ಕೆ ಇಳಿಯುತ್ತದೆ. ಗಿಡ್ಡ ಜೀಪಿಗೆ ಇದರ ಭಯವಿಲ್ಲ. ಚಾಸಿ ಉದ್ದ ಮಾಡಿಸಿದವರು, ಓವರ್‌ಡ್ರೈವ್ ಹಾಕಿದವರು ಯೋಚಿಸಬೇಕು, ಯಾಕೆಂದರೆ ಓವರ್‌ಡ್ರೈವ್‌ನಲ್ಲಿ ಶಾಫ್ಟ್ ಎಂಜಿನ್‌ಗಿಂತಲೂ ಜೋರಾಗಿ ತಿರುಗುತ್ತದೆ. ದಾರಿ ಎರಡೇ: ದಪ್ಪ ವ್ಯಾಸದ ಕೊಳವೆ, ಇಲ್ಲವೇ ಲಾರಿಯಂತೆ ಎರಡು ತುಂಡು ಮಾಡಿ ನಡುವೆ ಸೆಂಟರ್ ಬೇರಿಂಗ್.

ಅಳತೆ ತೆಗೆಯುವಾಗ ಸ್ಲಿಪ್ ಜಾಯಿಂಟ್ ಅನ್ನು ಪೂರ್ತಿ ಒಳಗೆ ತಳ್ಳಿ, ಅಲ್ಲಿಂದ ಸುಮಾರು 25 ಮಿಲಿಮೀಟರ್ ಹೊರಗೆ ಎಳೆದು, ಆ ಸ್ಥಿತಿಯಲ್ಲಿ ಕ್ರಾಸಿನ ನಡುವಿನಿಂದ ಕ್ರಾಸಿನ ನಡುವಿಗೆ ಅಳೆಯಿರಿ. ಜಾಗ ಬಿಡದಿದ್ದರೆ ಹಳ್ಳದಲ್ಲಿ ಸ್ಪ್ರಿಂಗ್ ಕುಗ್ಗಿದಾಗ ಶಾಫ್ಟ್ ಗೇರ್ ಬಾಕ್ಸಿಗೆ ಗುದ್ದುತ್ತದೆ. ಕೊಳವೆಗೆ ನೀರಿನ ಪೈಪ್ ಬೇಡ, ಶಾಫ್ಟಿಗೆಂದೇ ಸಿಗುವ ಕೊಳವೆ ಕೇಳಿ. ವೆಲ್ಡ್ ಆದ ಮೇಲೆ ಲೇತಿನಲ್ಲಿ ತಿರುಗಿಸಿ ಡಯಲ್ ಇಟ್ಟರೆ ಓಲಾಟ ಅರ್ಧ ಮಿಲಿಮೀಟರ್‌ಗಿಂತ ಕಡಿಮೆ ಇರಬೇಕು. ಆಮೇಲೆ ಬ್ಯಾಲೆನ್ಸಿಂಗ್, ಇದನ್ನು ತಪ್ಪಿಸಬೇಡಿ.

ರೇಸಿಗೆ ಇಳಿಯುವ ಹಾಟ್ ರಾಡ್‌ಗಳಲ್ಲಿ ಮುಂದಿನ ಜಾಯಿಂಟ್‌ನಿಂದ 6 ಇಂಚಿನೊಳಗೆ ಶಾಫ್ಟಿನ ಸುತ್ತ ಒಂದು ಕಬ್ಬಿಣದ ಬಳೆ ಇರುತ್ತದೆ, ಕಾಲು ಇಂಚು ದಪ್ಪ, 2 ಇಂಚು ಅಗಲ. ಮುಂದಿನ ಕ್ರಾಸ್ ಮುರಿದರೆ ಶಾಫ್ಟಿನ ತುದಿ ನೆಲಕ್ಕೆ ಚುಚ್ಚಿ ಗಾಡಿಯನ್ನೇ ಎತ್ತಿ ಹಾಕದಿರಲಿ ಅಂತ. ನಮ್ಮ ಜೀಪಿಗೂ ಇದನ್ನು ಹಾಕಿಸಬಹುದು, ಅರ್ಧ ದಿನದ ಕೆಲಸ.

ಎಂಜಿನ್ ಬದಲಿಸುವವರಿಗೆ ಕಾನೂನಿನ ಮಾತು: 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಗಳಿಗೆ ಕಟ್ಟುಪಾಡು ಹಾಕಿದೆ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಕೆಎ 34ರ ಗಾಡಿಯಾದರೆ ಬಳ್ಳಾರಿ ಆರ್‌ಟಿಒ ಕಚೇರಿಯಲ್ಲಿ ಕೆಲಸಕ್ಕೆ ಮೊದಲೇ ವಿಚಾರಿಸಿ.

ಓಡಿಸಿ ನೋಡುವಾಗ

ನಡುಕ ಬಂದರೆ ಅದೇ ವೇಗದಲ್ಲಿ, ಖಾಲಿ ರಸ್ತೆಯಲ್ಲಿ, ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಇಳಿದರೂ ನಡುಕ ಉಳಿದರೆ ಅದು ಶಾಫ್ಟ್ ಅಥವಾ ಟೈರ್. ನಿಂತುಹೋದರೆ ಎಂಜಿನ್ ಕಡೆ ನೋಡಿ, ಅಥವಾ ಎಳೆಯುವಾಗ ಪಿನಿಯನ್ ಕೋನ ಬದಲಾಗುತ್ತಿದೆಯೇ ನೋಡಿ. ಗೇರ್ ಹಾಕಿ ಬಿಟ್ಟಾಗ ಟಕ್ ಅಂದರೆ ಕ್ರಾಸ್ ಸವೆದಿದೆ ಅಥವಾ ಕ್ರೌನ್ ಆಟ ಜಾಸ್ತಿ ಇದೆ. ಎಳೆಯುವಾಗ ಒಂದು ಥರ, ಆಕ್ಸಿಲರೇಟರ್ ಬಿಟ್ಟಾಗ ಇನ್ನೊಂದು ಥರ ಗೊಂಯ್ ಅಂದರೆ ಕ್ರೌನ್-ಪಿನಿಯನ್ ಮತ್ತೆ ಬಿಚ್ಚಬೇಕು.

ಹೌಸಿಂಗ್ ಮೇಲಿನ ಬ್ರೀದರ್ ನೋಡುವವರು ಕಡಿಮೆ. ನಮ್ಮ ಕೆಂಪು ಧೂಳು ಆ ಸಣ್ಣ ತೂತನ್ನು ಮುಚ್ಚುತ್ತದೆ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ, ಹೋಗಲು ದಾರಿಯಿಲ್ಲದೆ ಸೀಲ್ ಮೂಲಕ ಆಯಿಲ್ ತಳ್ಳುತ್ತದೆ. ಸೀಲ್ ಮೇಲೆ ಸೀಲ್ ಬದಲಿಸಿದರೂ ಸೋರಿಕೆ ನಿಲ್ಲದಿದ್ದರೆ ಆ ತೂತಿಗೆ ಒಂದು ತಂತಿ ಹಾಕಿ ನೋಡಿ. ಕ್ರಾಸಿಗೆ ಗ್ರೀಸ್ ಹೊಡೆಯುವಾಗ ನಾಲ್ಕೂ ಕಪ್ಪಿನಿಂದ ಹೊಸ ಗ್ರೀಸ್ ಇಣುಕುವವರೆಗೆ ಹೊಡೆಯಿರಿ, ಒಳಗೆ ಹೋದ ಅದಿರಿನ ಧೂಳು ಹಾಗಲ್ಲದೆ ಹೊರಗೆ ಬರುವುದಿಲ್ಲ. ಹೌಸಿಂಗಿಗೆ ಜಿಎಲ್-5 ದರ್ಜೆಯ ಆಯಿಲ್ಲೇ ಬೇಕು. ಹಿತ್ತಾಳೆಯ ಸಿಂಕ್ರೊ ರಿಂಗ್ ಇರುವ ಗೇರ್ ಬಾಕ್ಸಿಗೆ ಅದನ್ನೇ ಸುರಿಯಬೇಡಿ, ಅಲ್ಲಿ ಜಿಎಲ್-4.

ಹೊಸ ಕ್ರೌನ್-ಪಿನಿಯನ್ ಹಾಕಿದ ದಿನವೇ ಕೊಪ್ಪಳಕ್ಕೆ ಹೊರಡುವುದು ಬೇಡ. ಮೊದಲು 20-25 ಕಿಲೋಮೀಟರ್ ನಿಧಾನ ಓಡಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಇದನ್ನೇ ಇನ್ನೊಂದೆರಡು ಸಲ ಮಾಡಿ. ಮೊದಲ ಕೆಲವು ನೂರು ಕಿಲೋಮೀಟರ್ ಲೋಡ್ ಹಾಕಬೇಡಿ, ಟ್ರೇಲರ್ ಎಳೆಯಬೇಡಿ. ಸ್ಪ್ರಿಂಗಿನ ಯು ಬೋಲ್ಟ್ ಮತ್ತು ಜಾಯಿಂಟ್ ಬೋಲ್ಟ್‌ಗಳನ್ನು ಮೊದಲ ವಾರದಲ್ಲೇ ಇನ್ನೊಮ್ಮೆ ಬಿಗಿ ಮಾಡಿಸಿ. 800 ಕಿಲೋಮೀಟರ್ ಹೊತ್ತಿಗೆ ಹೌಸಿಂಗ್ ಆಯಿಲ್ ಇಳಿಸಿ ಒಂದು ತಟ್ಟೆಯಲ್ಲಿ ನೋಡಿ. ಬೂದಿಯಂಥ ಸಣ್ಣ ಕಬ್ಬಿಣದ ಪುಡಿ ಇದ್ದರೆ ಅದು ಹೊಸ ಹಲ್ಲಿನ ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹೊಸ ಆಯಿಲ್ ಹಾಕುವ ಮೊದಲು ಮುಚ್ಚಳ ಬಿಚ್ಚಿಸಿ.